ದಳದ ಮೇಲಿನ ಕಲೆ

ಆರ್ಕಿಡ್ ಸಂಘದ ತೀರ್ಪುಗಾರರಿಗೆ,

ಹೋದ ಸಭೆಯಲ್ಲಿ ನೀವು ಭೂತಗನ್ನಡಿ ಹಿಡಿದು, ನಮ್ಮ ಬಿಳಿ ಹೂವಿನ ದಳದಲ್ಲಿ ಎಳ್ಳಷ್ಟು ಕಲೆ ಹುಡುಕಿ ಎರಡು ಅಂಕ ಕಳೆದಿರಿ. ಕುಂಡ ಹಿಡಿದು ನಿಂತಿದ್ದ ನನ್ನ ಮೊಮ್ಮಗಳ ಊದಿದ ಕೆನ್ನೆ ನಿಮಗೆ ಕಾಣಲಿಲ್ಲ.

ಮನೆಗೆ ಬಂದ ಅವಳ ಗಂಡ, "ಹೂವಿನ ಮೇಲೆ ನೀರು ಹಾಕ್ಬೇಡ ಅಂದಿರ್ಲಿಲ್ವೇನೇ?" ಎಂದು ಅದೇ ಕುಂಡವನ್ನು ಅವಳ ತಲೆಗೆ ಅಪ್ಪಳಿಸಿದ. ಏಳು ಹೊಲಿಗೆ ಬಿದ್ದವು. ಆ ಕಲೆ ಬೀಳುವಂತೆ ನೀರು ಚಿಮುಕಿಸಿದವಳು ನಾನು, ಹೂವಿಗೂ ಬಾಯಾರಿರುತ್ತದೆ ಎಂದುಕೊಂಡು.

ಹಾಗಾಗಿ ಸಲಿಕೆ ಎತ್ತಿಕೊಂಡೆ. "ಅಜ್ಜೀ, ಬೇಡ" ಅಂದ. ಈಗ ಅವನ ಎರಡೂ ಕೈ ಮುರಿದಿವೆ.

ಗಿಡ ಬದುಕಿದೆ. ಅದನ್ನು ಸಾಕಿದ್ದು ನನ್ನ ಮೊಮ್ಮಗಳು; ಸ್ಪರ್ಧೆಯ ಚೀಟಿಯಲ್ಲಿ ಅವನ ಹೆಸರು ಹೊಡೆದು ಅವಳದನ್ನು ಬರೆಸಿ. ಮುಂದಿನ ಸಭೆಗೆ ನಾವಿಬ್ಬರೇ ಬರುತ್ತೇವೆ. ನೀವು ಕನ್ನಡಕ ಒರೆಸಿಕೊಂಡು ಬನ್ನಿ.

ಇಂತಿ, ಸಲಿಕೆ ತೊಳೆದಿಟ್ಟಿರುವ
ಅವಳ ಅಜ್ಜಿ