ಅಡಿಗೆಮನೆಗೆ ಒಂದು ಹಿಂಬಾಗಿಲು

ಚಿರಂಜೀವಿ ಶಿವಮಲ್ಲುವಿಗೆ,

ಲಿಂಗಪೂಜೆ ಮುಗಿಸಿ ಏಳರ ಬಸ್ಸಿಗೆ ನಂಜುಂಡೇಶ್ವರನ ದರ್ಶನಕ್ಕೆ ಹೊರಟಿದ್ದೇನೆ. ನೀನಿನ್ನೂ ಎದ್ದಿಲ್ಲ, ಅದಕ್ಕೆ ಈ ಚೀಟಿ. ಮೇಸ್ತ್ರಿ ಮಾದಪ್ಪ ಇವತ್ತು ಹೊಸ ಮನೆಯ ಅಡಿಗೆಮನೆ ಗೋಡೆ ಎಬ್ಬಿಸುತ್ತಾನೆ. ಹಿತ್ತಿಲ ಕಡೆ ಬಾಗಿಲು ಬಿಡದೆ ಒಂದು ಇಟ್ಟಿಗೆಯನ್ನೂ ಇಡಕೂಡದು.

ನಿನ್ನ ನಕ್ಷೆ ಹಿಡಿದು ನಿನ್ನೆ ತಳಪಾಯದ ಮೇಲೆ ನಾನೇ ಕೊಡ ಹೊತ್ತು ನಡೆದು ನೋಡಿದೆ. ಹಿತ್ತಿಲ ನಲ್ಲಿಯಿಂದ ಮನೆ ಸುತ್ತಿ, ಪಡಸಾಲೆ ಹಾದು ಒಲೆ ಮುಟ್ಟಲು ಅರವತ್ತೆರಡು ಹೆಜ್ಜೆ! ಸುಮಿತ್ರ, "ಮಾವ, ಕೊಡ ಇಳ್ಸಿ, ನೋಡ್ದೋರು ನಗ್ತಾರೆ" ಅಂದಳು. ನಗಲಿ. ಆ ಹೆಜ್ಜೆಗಳು ನಾಳೆ ನಿನ್ನ ಹೆಂಡತಿಯ ಪಾಲಿಗೇ ತಾನೆ?

ವಾಸ್ತುವಿನವನು ಬೇಡ ಅಂದ ಎನ್ನಬೇಡ. ಅವನೇನು ನೀರು ಹೊರುತ್ತಾನೆಯೇ? ಹಳೇ ಮನೆಯಲ್ಲಿ ನಿಮ್ಮವ್ವ, "ನೆಂಟ್ರ ಮುಂದೆ ಮುಸುರೆ ಇಡ್ಕಂಡು ಓಗೋಕೆ ನಾಚ್ಕೆ ಆಯ್ತದೆ, ಇಂದ್ಗಡೆ ಒಂದು ಬಾಗ್ಲು ಮಡುಗ್ಸಿ ಕಣ್ರೀ" ಅಂದಾಗೆಲ್ಲ, ಸುಗ್ಗಿ ಕಳೆಯಲಿ ಅಂದೆ. ಮೂವತ್ತೆಂಟು ಸುಗ್ಗಿ ಕಳೆದವು. ತಲೆ ತಗ್ಗಿಸಿಯೇ ಓಡಾಡಿದಳು. ಆ ಪಡಸಾಲೆಯನ್ನು ಅವಳು ತಲೆಯೆತ್ತಿ ದಾಟಿದ್ದು ಒಂದೇ ಸಲ, ಹೋದ ತಿಂಗಳು, ಉಸಿರು ನಿಂತ ಮೇಲೆ, ಹೂವಿನ ಚಟ್ಟದ ವಿಮಾನದಲ್ಲಿ ಕೂತು ಮಣ್ಣಿಗೆ ಹೊರಟಾಗ.

ಕೊಟ್ಟಿಗೆಯಲ್ಲಿರುವ ಬೇವಿನ ಚೌಕಟ್ಟು ಗಟ್ಟಿಯಾಗಿದೆ, ಅದನ್ನೇ ನಿಲ್ಲಿಸಿ. ಕೊಡ ಹೊತ್ತವಳ ಮೊಣಕೈ ತಗಲದಷ್ಟು ಅಗಲವಿದೆ, ಅಳೆದಿದ್ದೇನೆ. ಉಪ್ಪಿಟ್ಟು ಮುಚ್ಚಿಟ್ಟಿದೆ, ತಿಂದು ಹೋಗು.

ಸಾಯಂಕಾಲ ನೇರವಾಗಿ ಹಿತ್ತಿಲಿಗೇ ಬರುತ್ತೇನೆ. ಅಲ್ಲಿ ಬಾಗಿಲು ಕಾಣದಿದ್ದರೆ, ಆ ಮನೆಯ ಗೃಹಪ್ರವೇಶಕ್ಕೆ ನನ್ನನ್ನು ಕರೆಯಬೇಡ.

ಶಿವ ನಿನಗೆ ಬುದ್ಧಿ ಕೊಡಲಿ.

ನಿಮ್ಮಪ್ಪ