ಅವ್ವನ ಫೋಟೊ ಮಾತಾಡಿತು

ಪುಣೆ, ಆಗಸ್ಟ್ 2003

ಅವ್ವಾ, ನಿನ್ನ ಯಶೋಧರಾ ಇಲ್ಲಿಂದಲೇ ಕಾಲಿಗೆ ಬೀಳುತ್ತಾಳೆ.

ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಮಾತನ್ನು ಫೋಟೊದ ಮುಖದಿಂದ ಆಡಿಸುವುದೇ ಇಲ್ಲಿ ನಮ್ಮ ಕೆಲಸ. ಇವತ್ತು ನಿನ್ನ ಫೋಟೊ ಹಾಕಿ ‘ಉಂಡ್ಯೇನ ಯಶಿ?’ ಎಂದು ಟೈಪ್ ಮಾಡಿದೆ. ನಿನ್ನ ತುಟಿ ಅಲುಗಿತು, ಕಣ್ಣೂ ಮಿಟುಕಿತು. ದನಿ ಮಾತ್ರ ಯಾರದೋ. ಆದರೂ ‘ಉಂಡೀನಿ’ ಅಂದುಬಿಟ್ಟೆ!

ಸಂಜೆ ಕೆಲಸ ಮುಗಿಸಿ ಏಳುವಾಗ ರೂಢಿಯಂತೆ ‘ಬರ್ತೀನವ್ವ’ ಅಂದು ನಿಂತೇ ಇದ್ದೆ. ‘ಹೋಗಿ ಬಾ’ ಅನ್ನದೆ ನೀನು ಯಾವತ್ತೂ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಆ ಮುಖ ಬಾಯಿ ಬಿಡಲಿಲ್ಲ. ಅದನ್ನೂ ನಾನೇ ಟೈಪ್ ಮಾಡಬೇಕಿತ್ತು, ಕೈ ಬರಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ. ಕೊಟ್ಟೂರಿನಿಂದ ತಂದ ಖಾರದಪುಡಿ ಮುಗಿಯಿತು, ಕಳಿಸು. ಈ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗ ಸಾಲದು.

ಅವ್ವನಿಗೆ ಇದನ್ನು ಓದಿ ಹೇಳುತ್ತಿರುವ ಮಾಳಕ್ಕಾ, ಕೊನೆಯ ಮಾತು ಓದಿ ಸ್ವಲ್ಪ ಸುಮ್ಮನಿರು. ಅವ್ವ ಜವಾಬು ಕೊಡಲಿ.

ಬರ್ತೀನವ್ವ.