ಮಡಿಸಿಟ್ಟ ಒಂದಿಂಚು

ಅಪ್ಪಾ,

ನೀವು ಓದಲಾರಿರಿ ಎಂದು ಗೊತ್ತು, ಆದರೂ ಮೊದಲು ನಿಮಗೇ ಹೇಳಬೇಕು. ಗೆದ್ದೆ! ಮೂವತ್ತೆರಡಕ್ಕೆ, ನನ್ನ ಕೊನೆಯ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ, ಹೈಬಾರ್‌ನಲ್ಲಿ ಚಿನ್ನ!

ಹಾಕಿಕೊಂಡದ್ದು ನೀವು ಹೊಲಿದ ಕೊನೆಯ ಬಿಳಿ ಪ್ಯಾಂಟು. ಕುಳ್ಳ ಮಗ ಇನ್ನೂ ಬೆಳೆಯುತ್ತಾನೆಂದು ಅದರಲ್ಲೂ ಕಾಲಿನ ತುದಿಗೆ ಒಂದಿಂಚು ಬಟ್ಟೆ ಒಳಗೆ ಮಡಿಸಿ ಹೊಲಿದಿದ್ದಿರಿ. ಇಪ್ಪತ್ತೆಂಟರ ಗಂಡಸು ಎಲ್ಲಿಂದ ಬೆಳೆಯಲಿ? "ಇದನ್ನ ನೀವೇ ಹಾಕ್ಕೊಳ್ಳಿ" ಎಂದು ರೇಗಿ, ಅಂಗಡಿಯದು ಕೊಂಡಿದ್ದೆ. ನೀವು ಹೊಲಿದದ್ದು, ನೀವು ಹೋದ ಮೇಲೂ, ಕಪಾಟಿನಲ್ಲೇ ಇತ್ತು.

ಇವತ್ತು ನನ್ನ ಸರದಿಗೆ ಹತ್ತು ನಿಮಿಷವಿರುವಾಗ, ಪ್ಯಾಂಟು ಮೇಲೇರದಂತೆ ಎಳೆದು ಹಿಡಿಯುವ ಪಾದದಡಿಯ ಪಟ್ಟಿ ಕಿತ್ತುಹೋಯಿತು. ಎಲಾಸ್ಟಿಕ್ ಹಳತಾಗಿತ್ತು. ನನಗೆ ಜೀವ ಬಾಯಿಗೆ ಬಂತು. ಅಮ್ಮ ಮಾತ್ರ ಚೀಲದಿಂದ ಸೂಜಿ, ದಾರ, ಕತ್ತರಿ ತೆಗೆದು, ಆ ಮಡಿಕೆ ಬಿಚ್ಚಿ, ಅದೇ ಬಟ್ಟೆ ಕತ್ತರಿಸಿ ಪಟ್ಟಿ ಹೊಲಿದಳು.

"ನೋಡೋ, ನಿಮ್ಮಪ್ಪ ಸುಮ್ಸುಮ್ನೆ ಇಟ್ಟಿದ್ರಾ?" ಎಂದು ಹಲ್ಲಿನಿಂದ ದಾರ ಕಡಿದಳು.

ಬಾರಿನಿಂದ ಹಾರಿ ಇಳಿದಾಗ ಪಾದ ಒಂಚೂರೂ ಕದಲಲಿಲ್ಲ. ಆಮೇಲೆ ಪದಕ ಕೊಡಲು ನನ್ನನ್ನು ನಡುವಿನ ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿದರು. ಕಣ್ಣಳತೆಯ ಮಾತು, ಅಪ್ಪಾ, ಅಕ್ಕಪಕ್ಕದ ಇಬ್ಬರಿಗಿಂತ ನಾನು ಸರಿಯಾಗಿ ಒಂದಿಂಚು ಎತ್ತರವಿದ್ದೆ.